ಕ್ಯಾಸೆಟ್ಟಿನಲ್ಲಿ ಇಲ್ಲದ್ದು

ಎರಡನೇ ಚರಣದ ನಡುವೆ ನಿರ್ಮಲಮ್ಮನ ದನಿ ನಿಂತುಹೋಯಿತು. ತೊಂಬತ್ತೆಂಟರ ಮೇ ತಿಂಗಳು, ಹರಿಹರದ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ವೇದಿಕೆಯ ಮೇಲೆ ದಾವಣಗೆರೆಯ ಆರ್ಕೆಸ್ಟ್ರಾ. ಆಕೆಯ ಬಾಯಿ ತೆರೆದೇ ಇತ್ತು, ಮೈಕೂ ಬಾಯಿಯ ಹತ್ತಿರವೇ ಇತ್ತು, ಹಾಡು ಮಾತ್ರ ಬರಲಿಲ್ಲ. ಊಟಕ್ಕೆ ಎದ್ದವರು ತಿರುಗಿ ನೋಡಿದರು. ಹಿಂದಿನ ಕುರ್ಚಿಗಳಿಂದ ಯಾರೋ ಸೀಟಿ ಹೊಡೆದರು. ಕೀಬೋರ್ಡ್ ನುಡಿಸುತ್ತಿದ್ದ ತಂಡದ ಯಜಮಾನ ತಿಪ್ಪೇರುದ್ರಪ್ಪ ಮೇಷ್ಟ್ರು ಹೇಗೋ ಸ್ವರ ಎಳೆದು ಹಾಡನ್ನು ಅಲ್ಲಿಗೇ ಮುಗಿಸಿದರು.

ಬಾಸ್ ಗಿಟಾರಿನ ಬಸವಕಿರಣ್‌ಗೆ ಸಿಟ್ಟು ಬಂತು. ಅವನು ಒಂದು ಸ್ವರವನ್ನೂ ತಪ್ಪಿರಲಿಲ್ಲ. ಅವನಿಗೆ ಕ್ಯಾಸೆಟ್ಟೇ ವೇದವಾಕ್ಯ. ಟೇಪ್ ರೆಕಾರ್ಡರಿನ ಗುಂಡಿ ಸವೆಯುವಷ್ಟು ಸಲ ಹಿಂದೆ ಮುಂದೆ ಓಡಿಸಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮೂಲ ಹಾಡಿನ ಬಾಸ್ ಕಲಿತಿದ್ದ. ಎರಡು ತಿಂಗಳ ಹಿಂದೆ ತೀರಿಕೊಂಡ ಅಬ್ದುಲ್ ರಹೀಮರ ಜಾಗಕ್ಕೆ ಬಂದವನು ಅವನು; ತಂಡದ ಜೊತೆ ಇದೇ ಅವನ ಮೊದಲ ಕಾರ್ಯಕ್ರಮ. ರಹೀಮ್ ಈ ಚರಣದ ನಡುವೆ ತಮ್ಮದೇ ಒಂದು ಪೀಸ್, ಹಾಡಿಲ್ಲದೆ ಬರೀ ಗಿಟಾರಿನ ತುಣುಕು, ಸೇರಿಸಿ ಬಾರಿಸುತ್ತಿದ್ದರಂತೆ. ದಾವಣಗೆರೆಯ ಮಂಡಿಪೇಟೆಯ ಮಹಡಿಯಲ್ಲಿ ಪ್ರಾಕ್ಟೀಸ್ ಮಾಡುವಾಗ ನಿರ್ಮಲಮ್ಮ ಅದನ್ನು ಬಾರಿಸಲು ಕೇಳಿದ್ದರು. "ಕ್ಯಾಸೆಟ್ಟಿನಾಗೆ ಅದು ಇಲ್ಲಕ್ಕಾ. ಇಲ್ಲದ್ದು ನಾನ್ಯಾಕೆ ಬಾರಿಸ್ಲಿ?" ಎಂದುಬಿಟ್ಟಿದ್ದ. ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲು ಹತ್ತಿ ಬರುವುದು ಕಂಡು ಆಕೆ ಸುಮ್ಮನಾಗಿದ್ದರು.

ಈಗ ಪರದೆಯ ಹಿಂದೆ ನಿರ್ಮಲಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಯಾಕಕ್ಕಾ ಅಲ್ಲಿ ಬಿಟ್ರಿ? ನಾನು ಸರಿಯಾಗೇ ಬಾರಿಸಿದ್ನಲ್ರಿ?" ಬಸವಕಿರಣ್ ಕೇಳಿದ.

"ನೀನು ಸರಿಯಾಗೇ ಬಾರಿಸಿದಿ ಬಿಡಪ್ಪ." ನಾಲ್ಕು ಮಾತಿಗೊಮ್ಮೆ ಆಕೆ ಉಸಿರು ಎಳೆದುಕೊಳ್ಳುತ್ತಿದ್ದರು. "ಇಪ್ಪತ್ತು ವರ್ಷ ಮಿಲ್ಲಿನಾಗೆ ಹತ್ತಿ ಧೂಳು ಕುಡಿದೀನಿ. ಮಿಲ್ಲು ಮುಚ್ಚಿದ್ರೂ ಎದ್ಯಾಗಿನ ಧೂಳು ಹೋಗಲಿಲ್ಲ. ಆ ಎರಡು ಸಾಲು ಒಂದೇ ಉಸಿರಿಗೆ ಹಾಡಾಕೆ ಆಗಲ್ಲ ನಂಗೆ. ರಹೀಮಣ್ಣಗೆ ಅದು ಗೊತ್ತಾತು. ಯಾರಿಗೂ ಹೇಳಲಿಲ್ಲ, ನಡುವೆ ಪೀಸ್ ಹಾಕಿಬಿಟ್ರು. ಜನ ಅವರ ಕೈ ನೋಡೋರು. ನಾನು ಉಸಿರು ತಗಳ್ತಿದ್ದೆ."

"ಇದನ್ನ ಅವತ್ತೇ ಹೇಳಬಾರದೇನ್ರಿ?"

"ಮೇಷ್ಟ್ರ ಕಿವಿಗೆ ಬಿದ್ರೆ ಮನೆಗೆ ಕಳಿಸ್ತಾರಪ್ಪ. ಹಾಡೋದೂ ಹೋದ್ರೆ ನಂದು ಅಂತ ಏನು ಉಳೀತು?"

ಬಸವಕಿರಣ್‌ಗೆ ನಾಚಿಕೆಯಾಯಿತು. ನೂರು ಸಲ ಹಾಡು ಕೇಳಿದ್ದೆ, ಪಕ್ಕದಲ್ಲಿ ನಿಂತು ಹಾಡುವವರನ್ನು ಒಂದು ಸಲವೂ ಕೇಳಲಿಲ್ಲ ಅನಿಸಿತು.

"ಎಷ್ಟು ಬೀಟ್ ಬಾರಿಸ್ತಿದ್ರು ಅವರು?"

"ಮೊದಲು ನಾಲ್ಕಿತ್ತು. ಹೋದ ವರ್ಷದಿಂದ ಎಂಟು ಮಾಡಿದ್ರು."

ಮೇಷ್ಟ್ರು ಪರದೆ ಸರಿಸಿ ಒಳಗೆ ಬಂದರು. ಅವರ ಬೆನ್ನಿಗೇ ಮದುಮಗಳ ಅಜ್ಜಿ ಬಸವಣ್ಣೆಮ್ಮ. "ಮದುವೆ ಮನ್ಯಾಗೆ ಹಾಡು ಅರ್ಧಕ್ಕೆ ನಿಲ್ಲಬಾರದ್ರಿ. ಅದನ್ನೇ ಇನ್ನೊಂದು ಸಲ ಪೂರಾ ಹಾಡಿಸ್ರಿ," ಎಂದು ಹೇಳಿ ಅಜ್ಜಿ ಹೊರಟುಹೋದರು.

"ಆಗ್ತೈತೇನ್ರಿ ನಿಮ್ಮ ಕೈಲಿ?" ಮೇಷ್ಟ್ರು ನಿರ್ಮಲಮ್ಮನನ್ನು ಕೇಳಿದರು. "ಆಗಲ್ಲ ಅಂದ್ರೆ ಈಗ್ಲೇ ಹೇಳ್ರಿ. ಪಿ.ಜೆ. ಬಡಾವಣೆಯ ಹಾಡೋ ಹುಡುಗಿ ರಶ್ಮಿತಾ ಯಾವಾಗ ಕರೀತೀರಿ ಅಂತ ಕಾಯ್ತಾ ಕೂತಾಳೆ."

ನಿರ್ಮಲಮ್ಮ ಉತ್ತರ ಕೊಡುವ ಮೊದಲೇ ಬಸವಕಿರಣ್ ಬಾಯಿ ಹಾಕಿದ.

"ಅಕ್ಕನ ತಪ್ಪಲ್ರಿ ಮೇಷ್ಟ್ರೇ. ನಾನೇ ಪೀಸ್ ಮರೆತೆ. ಅದು ಬರುತ್ತೆ ಅಂತ ಕಾಯ್ತಾ ಅಕ್ಕ ನಿಂತುಬಿಟ್ರು."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕ್ಯಾಸೆಟ್ಟಿನಾಗೆ ಇದ್ದದ್ದೆಲ್ಲ ಬಾಯಿಪಾಠ ಅಂತ ಎದೆ ತಟ್ಟಿಕೊಂಡು ಬಂದಿ. ಅಷ್ಟು ದೊಡ್ಡ ಪೀಸು ನಿನ್ನ ಕಿವಿಗೆ ಬೀಳಲಿಲ್ಲೇನು? ರಹೀಮ್ ಒಂದಿನಾನೂ ಬಿಟ್ಟವನಲ್ಲ."

ಆ ಪೀಸ್ ಕ್ಯಾಸೆಟ್ಟಿನದೇ ಎಂದು ಮೇಷ್ಟ್ರೂ ಇಷ್ಟು ದಿನ ನಂಬಿದ್ದರು ಎಂದು ಬಸವಕಿರಣ್‌ಗೆ ಆಗ ಹೊಳೆಯಿತು. "ತಪ್ಪಾತ್ರಿ," ಎಂದು ತಲೆ ತಗ್ಗಿಸಿದ. ನಿರ್ಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ವೇದಿಕೆಯ ಕಡೆ ನಡೆದರು.

ಹಾಡು ಮತ್ತೆ ಶುರುವಾಯಿತು. ಎರಡನೇ ಚರಣದ ಆ ಸಾಲು ಮುಗಿಯುತ್ತಲೇ ಬಸವಕಿರಣ್ ಪೀಸ್ ಹಿಡಿದ. ರಹೀಮ್ ಬಾರಿಸಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಕೈಗೆ ತೋಚಿದಂತೆ ನುಡಿಸಿದ. ಮುಂದಿನ ಸಾಲಿನವರು ಗಿಟಾರಿನತ್ತ ಕತ್ತು ತಿರುಗಿಸಿದರು. ನಿರ್ಮಲಮ್ಮ ಮೈಕು ಕೆಳಗಿಳಿಸಿ, ಸಭೆಗೆ ನಗುಮುಖ ತೋರಿಸುತ್ತ ಉಸಿರು ಎಳೆದುಕೊಂಡರು. ನಾಲ್ಕು ಬೀಟ್ ಆಯಿತು. ಎಂಟು ಆಯಿತು. ಡ್ರಮ್ಮಿನವನು ಮುಂದಿನ ಸಾಲಿಗೆ ಕೋಲು ಎತ್ತಿದ.

ನಿರ್ಮಲಮ್ಮ ಇನ್ನೂ ನಗುತ್ತಲೇ ಇದ್ದರು. ಮೈಕು ಹಿಡಿದ ಕೈ ಮೇಲೆ ಬಂದಿರಲಿಲ್ಲ.

ಬಸವಕಿರಣ್ ಡ್ರಮ್ಮಿನವನಿಗೆ ಕಣ್ಣಲ್ಲೇ ತಡೆ ಎಂದ. ಗಿಟಾರಿನ ತಂತಿಯ ಮೇಲೆ ಅವನ ಬೆರಳು ಒಂಬತ್ತನೇ ಬೀಟಿಗೆ, ಹತ್ತನೇ ಬೀಟಿಗೆ ನಡೆಯಿತು.