ಒಂದು ಸಾಲು ಕೋಡಿಕಲ್ಲು

ಒಡೆದ ಒಡ್ಡಿನ ಕೋಡಿಯ ಮೇಲೆ ಮುದುಕ ಜಾಬಲ್ಲಾ ಕಾಲೂರಿ ನಿಂತಿದ್ದ. ಪಾದದಡಿಯ ಕೆಸರಿನಲ್ಲಿ ಅವನೇ ಹೋದ ತಿಂಗಳು ಹೆಚ್ಚಿಗೆ ಕೂರಿಸಿದ್ದ ಒಂದು ಸಾಲು ಕಲ್ಲಿತ್ತು. ಇನ್ನೊಂದು ಗೇಣು ನೀರು ನಿಂತರೆ ತನ್ನ ಆಲಿವ್ ಮರಗಳು ಬೇಸಿಗೆ ದಾಟುತ್ತವೆಂಬ ಆಸೆ. ನಿನ್ನೆ ಮತ್ಮಾತಾ ಬೆಟ್ಟಕ್ಕೆ ಹುಚ್ಚು ಮಳೆ ಹುಯ್ದಾಗ, ಎತ್ತರವಾದ ಕೋಡಿಯಲ್ಲಿ ಹೊರಹೋಗಲಾರದ ನೀರು ಮಣ್ಣಿನ ಏರಿಯನ್ನೇ ಕೊಚ್ಚಿಕೊಂಡು ಹೋಗಿ, ಕಣಿವೆಯಲ್ಲಿ ಕೆಳಗಿದ್ದ ಮಬ್ರೂಕಾಳ ಒಡ್ಡನ್ನೂ ಮುರಿದಿತ್ತು.

ಆ ಮಬ್ರೂಕಾಳೇ ಈಗ ಕತ್ತೆಯ ಮೇಲೆ ಮಣ್ಣು ಹೇರಿಕೊಂಡು ಹತ್ತಿ ಬಂದಳು. “ಮೊದಲು ನಿಮ್ದು ಕಟ್ಟೋಣ ಕಾಕಾ. ಮೇಲಿಂದು ನಿಲ್ದೆ ಕೆಳಗಿಂದು ನಿಲ್ಲಲ್ಲ.”

“ನಿನ್ನ ಅಂಜೂರದ ಮರ?”

“ಹೋಯ್ತು. ತಪ್ಪು ನಂದೇ.” ಅವಳು ದನಿ ತಗ್ಗಿಸಿದಳು. “ಇನ್ನೂ ಯಾರಿಗೂ ಹೇಳಿಲ್ಲ. ನಮ್ಮ ಕೋಡಿಗೆ ಒಂದು ಸಾಲು ಕಲ್ಲು ಏರಿಸಿದ್ದೆ. ದುರಾಸೆ ನೋಡಿ! ನನ್ನಿಂದಾಗಿ ನಮ್ಮ ಕೆಳಗಿರೋ ಸಾಸಿ ಅಣ್ಣನ ಒಡ್ಡೂ ಹೋಯ್ತು. ನೀವಾಗಿದ್ರೆ ಇಂಥ ಕೆಲಸ ಮಾಡ್ತಿದ್ರಾ?”

ಜಾಬಲ್ಲಾ ಪಾದಗಳನ್ನು ಕೆಸರಿಗೆ ಇನ್ನಷ್ಟು ಒತ್ತಿದ. “ಮಳೆ ಜೋರಿತ್ತು ಮಗಳೇ...”

“ಮಳೆ ಮೇಲೆ ಹಾಕಿ ತಪ್ಪಿಸ್ಕೊಳ್ಳೋದಾ? ಸಾಯಂಕಾಲ ಸಾಸಿ ಅಣ್ಣನ ಮನೆಗೆ ಹೋಗಿ ಹೇಳ್ಬಿಡ್ತೀನಿ.” ಅವಳು ಸನಿಕೆ ಎತ್ತಿಕೊಂಡಳು. “ಕೋಡಿ ಕೆಸರು ಕೆರೆದು ತೆಗೀತೀನಿ, ಸ್ವಲ್ಪ ಕಾಲು ಸರಿಸಿ.”

ಜಾಬಲ್ಲಾ ಅಲುಗಾಡಲಿಲ್ಲ. ಆಮೇಲೆ ಅವಳ ಕೈಯಿಂದ ಸನಿಕೆ ಇಸಿದುಕೊಂಡು, ಹಿಂದಕ್ಕೆ ಸರಿದು, ತಾನು ನಿಂತಿದ್ದ ಜಾಗದ ಕೆಸರನ್ನು ತಾನೇ ಕೆರೆದು ತೆಗೆಯತೊಡಗಿದ; ಅಡಿಯ ಕಲ್ಲಿನ ಸಾಲು ಅವಳ ಕಣ್ಣೆದುರೇ ಹೊರಬಂತು.