ಖಾಲಿ ಜಾಗ ಒತ್ತು

"ಮತ್ತೆ ನಿಂತೋಯ್ತು ಕಣೇ," ಎಂದು ಸೈಬರ್ ಅಂಗಡಿಯ ಹಳಬರಾದ ಸುಲೋಚನಮ್ಮ ಹೇಮಶ್ರೀಗೆ ಪರದೆ ತೋರಿಸಿದರು. ಅರ್ಜಿಯಲ್ಲಿ ಸಿಂಗಟಗೆರೆ ಹೋಬಳಿ ತುಂಬಿತ್ತು, ಊರುಗಳ ಪಟ್ಟಿ ಮಾತ್ರ ಖಾಲಿ. ಸರ್ಕಾರದ ಕೊಬ್ಬರಿ ಖರೀದಿಯ ನೋಂದಣಿ ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ. ಈಗ ನಾಲ್ಕು. ಕಡೂರಿನ ಆ ಸೈಬರ್ ಅಂಗಡಿಯಲ್ಲಿ ಇನ್ನೂ ಐವತ್ತು ರೈತರ ಅರ್ಜಿಗಳಿದ್ದವು. ಕೈಯಲ್ಲಿ ತುಂಬಿದರೆ ಅಷ್ಟರೊಳಗೆ ಹತ್ತು ಅರ್ಜಿಯೂ ಮುಗಿಯುವುದಿಲ್ಲ.

ಅದಕ್ಕೇ ಅಂಗಡಿಯ ಹೊಸ ಹುಡುಗಿ ಹೇಮಶ್ರೀ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೊಳಗೆ ತನ್ನದೇ ಒಂದು ಪುಟ್ಟ ಭಾಷೆ ಕಟ್ಟಿದ್ದಳು. ತೆರೆ, ತುಂಬು, ಒತ್ತು, ಕಾಯು, ನಾಲ್ಕೇ ಪದ. ಸುಲೋಚನಮ್ಮ ಹೇಳಿದ ಕ್ರಮದಲ್ಲಿ ಸಾಲು ಬರೆದರೆ ಬ್ರೌಸರ್ ತಾನೇ ಅರ್ಜಿ ತುಂಬಬೇಕಿತ್ತು. ಎಷ್ಟು ಸಲ 'ಕಾಯು' ಎಂದು ಬರೆದರೂ ಪಟ್ಟಿ ಬರಲಿಲ್ಲ.

"ಸ್ವಲ್ಪ ಆ ಕಡೆ ಸರ್ಕೋ," ಎಂದು ಸುಲೋಚನಮ್ಮ ಮೌಸ್ ಹಿಡಿದರು. ಹೋಬಳಿ ಆರಿಸಿ, ಪಕ್ಕದ ಬಿಳಿ ಜಾಗಕ್ಕೊಮ್ಮೆ ಒತ್ತಿದರು. ಊರುಗಳೆಲ್ಲ ಬಂದವು.

"ಅಕ್ಕಾ, ಅಲ್ಯಾಕೆ ಒತ್ತಿದ್ರಿ?"

"ಒತ್ತದಿದ್ರೆ ಅದು ಬರಲ್ಲ. ಆರು ವರ್ಷದಿಂದ ಒತ್ತುತಾ ಇದೀನಿ."

"ನಂಗೆ ಹೇಳ್ಲೇ ಇಲ್ವಲ್ಲ."

"ಹೆಂಗೆ ತುಂಬ್ತೀರ ಅಂತ ಕೇಳ್ದೆ ನೀನು. ಅಲ್ಲೇನು ತುಂಬೋದಿದೆ?"

ಹೇಮಶ್ರೀ ನಗುತ್ತಲೇ ಪೈಥಾನ್‌ನಲ್ಲಿ ಮೂರು ಸಾಲು ಬರೆದು ಭಾಷೆಗೆ ಐದನೆಯ ಪದ ಸೇರಿಸಲು ಹೊರಟಳು. "ಏನಂತ ಹೆಸರಿಡ್ಲಿ?"

"ಖಾಲಿ ಜಾಗ ಒತ್ತು ಅನ್ನು. ಇನ್ನೇನಂತೀಯ?" ಸುಲೋಚನಮ್ಮ ಕೀಬೋರ್ಡ್ ಎಳೆದುಕೊಂಡು, ಹೋಬಳಿಯ ಸಾಲಿನ ಕೆಳಗೆ ಅದನ್ನು ತಾವೇ ಟೈಪ್ ಮಾಡಿದರು.

ಮೊದಲ ಅರ್ಜಿ ಹೋಯಿತು, ಎರಡನೆಯದೂ ಹೋಯಿತು. ಸುಲೋಚನಮ್ಮ ಕೈಕಟ್ಟಿ ಕುಳಿತು ನೋಡುತ್ತಿದ್ದರು. ಪ್ರತಿ ಸಲ ಹೋಬಳಿ ತುಂಬಿದ ಕೂಡಲೇ ಅವರ ತೋರುಬೆರಳು ತೋಳಿನ ಮೇಲೆ ಒಮ್ಮೆ ಒತ್ತುತ್ತಿತ್ತು.