ಅಧ್ಯಕ್ಷರ ಎಡತೋಳು

ಫ್ರಿಜ್‌ನಲ್ಲಿ ಲಸಿಕೆಯ ಒಂದು ಸೀಸೆ ಕಡಿಮೆಯಿತ್ತು.

ಪಶುರೋಗ ನಿರೋಧ ತಜ್ಞರ ಸಂಘದ ಕಾರ್ಯದರ್ಶಿ ಇನ್ನೊಮ್ಮೆ ಬಗ್ಗಿ ನೋಡಿದಳು. ಟ್ರೇ ಎಳೆದಳು, ಹಿಂದೆಲ್ಲ ಕೈಯಾಡಿಸಿದಳು. ಇಲ್ಲ. ಸಂಘದ ಖಜಾಂಚಿ ಬಾಗಿಲಿಗೊರಗಿ ತಮಾಷೆ ನೋಡುತ್ತಿದ್ದರು.

"ಬೀಗ ಹಾಕಿರ್ಲಿಲ್ವೇನಮ್ಮಾ?"

"ಅಯ್ಯೋ, ಬೀಗ ಇಲ್ಲೇ ಮೇಜಿನ ಮೇಲಿದೆಯಲ್ಲ ಸರ್!" ಅವಳು ತಲೆಯ ಮೇಲೆ ಕೈ ಹೊತ್ತಳು.

"ಹೋಗ್ಲಿ ಬಿಡಿ. ಕುರಿ ಲಸಿಕೆ, ಮನುಷ್ಯರಿಗೆ ಹಾಕೋ ಹಾಗೂ ಇಲ್ಲ. ಯಾವುದೋ ಕುರಿ ತಾನೇ ಬಂದು ಚುಚ್ಚಿಸ್ಕೊಂಡು ಹೋಗಿರ್ಬೇಕು!" ಖಜಾಂಚಿ ತಮ್ಮ ಜೋಕಿಗೆ ತಾವೇ ನಕ್ಕರು. ಅವಳು ನಗಲಿಲ್ಲ.

ಆ ಲಸಿಕೆಯಿಂದಲೇ ಸಂಘದ ಅಧ್ಯಕ್ಷರು ದೊಡ್ಡವರಾದದ್ದು. ಇಪ್ಪತ್ತು ವರ್ಷದ ಹಿಂದೆ ಕುರಿಗಳಿಗೆ ಹೊಸ ಜ್ವರ ಬಂದಾಗ ಕುರಿ ಸಾಕುವವರು ಲಸಿಕೆ ಹಾಕಿಸಲು ಹೆದರಿದ್ದರಂತೆ. ಅಧ್ಯಕ್ಷರು ಪ್ರಯೋಗಾಲಯದಲ್ಲಿ ಮೊದಲು ತಮ್ಮ ತೋಳಿಗೇ ಚುಚ್ಚಿಕೊಂಡು, ಆಮೇಲೆ ಅವರ ಮುಂದೆ ಹೋಗಿ ನಿಂತರಂತೆ. ಪ್ರತಿ ವಾರ್ಷಿಕ ಸಭೆಯಲ್ಲೂ ಅವರು ಎಡತೋಳಿನ ಅಂಗಿ ಮಡಿಸಿ ಈ ಕಥೆ ಹೇಳಲೇಬೇಕು. ಸಂಘದ ವಾರ್ತಾಪತ್ರದ ನೆತ್ತಿಯ ಮೇಲೂ ಅದೇ ತೋಳಿನ ಚಿತ್ರ. ಕಿರಿಯ ವೈದ್ಯರು ಬೆನ್ನ ಹಿಂದೆ ಅವರನ್ನು 'ತೋಳು ಸಾಹೇಬ್ರು' ಎನ್ನುತ್ತಿದ್ದರು.

ಅಂದು ಚುಚ್ಚಿಸಿಕೊಂಡ ತೋಳು ಅವರದಲ್ಲ. ಕಾರ್ಯದರ್ಶಿಯ ಅಕ್ಕನದು.

ಅಕ್ಕ ಆಗ ಅವರ ಕೈಕೆಳಗಿನ ಸಂಶೋಧಕಿ. ಅವಳಿಗೆ ಚುಚ್ಚಿದ ಆ ಮೊದಲ ಸೀಸೆಯ ಲಸಿಕೆ ಸರಿಯಾಗಿ ಶುದ್ಧವಾಗಿರಲಿಲ್ಲ. ಜ್ವರ ಏರಿತು, ಇಳಿಯುವಾಗ ಎರಡೂ ಕಿವಿಗಳನ್ನು ಕೊಂಡೊಯ್ದಿತು. ಆಮೇಲಿನ ಸೀಸೆಗಳನ್ನು ಶುದ್ಧಮಾಡಿದರು, ಕುರಿಗಳು ಬದುಕಿಕೊಂಡವು, ಅಕ್ಕನನ್ನು ಮನೆಗೆ ಕಳಿಸಿದರು. ಮರುವರ್ಷದ ಸಭೆಯ ಹೊತ್ತಿಗೆ ತೋಳು ಅಧ್ಯಕ್ಷರದಾಗಿತ್ತು. ಅಂದು ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ. ಅಕ್ಕ ಹೇಳಿದರೆ ನಂಬುವವರು ಯಾರು?

ಅಕ್ಕ ಸುಮ್ಮನಾದಳು. ತಂಗಿ ಆಗಲಿಲ್ಲ. ಅದೇ ವಿಷಯ ಓದಿದಳು, ಅದೇ ಸಂಘ ಸೇರಿದಳು. ತಂಗಿಗೊಂದು ಹುದ್ದೆ ಕೊಟ್ಟರೆ ಅಕ್ಕನ ಬಾಯಿಯೂ ಮುಚ್ಚಿರುತ್ತದೆಂದು ಅಧ್ಯಕ್ಷರೇ ಅವಳನ್ನು ಕಾರ್ಯದರ್ಶಿ ಮಾಡಿದರು. ಅವಳು ಅವರ ಭಾಷಣ ಬರೆದಳು, ಸರ್ ಸರ್ ಎಂದಳು, ಒಳಗೊಳಗೇ ಹಲ್ಲು ಕಡಿದಳು.

ಈಗ ಅವಳೇ ಒಂದು ಕಿಟ್ ತಯಾರಿಸಿದ್ದಳು. ಒಂದು ಹನಿ ರಕ್ತ ಸಾಕು, ಈ ಲಸಿಕೆ ಮೈಗೆ ಹೊಕ್ಕಿದೆಯೋ ಇಲ್ಲವೋ ಹೇಳುತ್ತದೆ. ಹಿಂದಿನ ದಿನವಷ್ಟೇ ವಾರ್ತಾಪತ್ರ ಹೊರಬಂದಿತ್ತು: 'ವಾರ್ಷಿಕ ಸಭೆಯಲ್ಲಿ ಹೊಸ ಕಿಟ್‌ನ ಪ್ರದರ್ಶನ. ಲಸಿಕೆ ಪಡೆದ ಮೈಯಾದರೆ ಗೆರೆ ಮೂಡುತ್ತದೆ. ಮೊದಲ ಹನಿ ಅಧ್ಯಕ್ಷರದು.' ಅಷ್ಟೇ ಬರೆದಿದ್ದಳು. ಪ್ರತಿಯನ್ನು ತಾನೇ ಅವರ ಮೇಜಿಗೆ ಒಯ್ದಿದ್ದಳು. ಓದಿದ ಅಧ್ಯಕ್ಷರ ಮುಖ ಒಂದು ಗಳಿಗೆ ಸುಣ್ಣದಂತಾಗಿ, ಮತ್ತೆ ಸರಿಹೋಗಿತ್ತು. "ಭೇಷ್!" ಎಂದಿದ್ದರು.

"ಅವನು ಬರಲ್ಲ ಬಿಡೇ," ಎಂದಳು ಅಕ್ಕ ಆ ಸಂಜೆ ಮನೆಯಲ್ಲಿ, ತಂಗಿಯ ತುಟಿಗಳನ್ನೇ ನೋಡುತ್ತಾ. "ಹೊಟ್ಟೆನೋವು ಅಂತಾನೆ, ಕಾಲುನೋವು ಅಂತಾನೆ."

"ಬರ್ತಾನೆ ಅಕ್ಕ. ನೀನು ಮುಂದಿನ ಸಾಲಲ್ಲಿ ಕೂತಿರು ಸಾಕು."

"ಇಷ್ಟು ವರ್ಷ ಆಯ್ತು. ನಿಂಗೆ ಇದನ್ನ ಬಿಡೋಕಾಗಲ್ವಾ?"

"ಆಗಲ್ಲ. ಹೊಟ್ಟೆ ಉರಿಯುತ್ತೆ. ಆ ತೋಳು ನಿಂದು ಅಂತ ಆ ಸಭೆಯಲ್ಲೇ ಹೇಳಿಸ್ತೀನಿ, ನೋಡ್ತಿರು."

ಸಭೆಗೆ ಇನ್ನು ಹತ್ತೇ ದಿನವಿತ್ತು.

ಸಭೆಯ ದಿನ ಅಧ್ಯಕ್ಷರು ಬಂದರು. ಅವರಿಗಿಂತ ಮೊದಲು ಅವರ ನಗು ಬಂತು. ಖಜಾಂಚಿ ಸಲಿಗೆಯಿಂದ ಎಡಭುಜ ತಟ್ಟಿದಾಗ ಮಾತ್ರ 'ಸ್ಸ್' ಎಂದು ಮುಖ ಕಿವುಚಿದರು. ಕಾರ್ಯದರ್ಶಿ ಅದನ್ನು ನೋಡಿದಳು.

ವರದಿ ಓದಿದ್ದಾಯಿತು, ಚಪ್ಪಾಳೆ ತಟ್ಟಿದ್ದಾಯಿತು. ಅಧ್ಯಕ್ಷರು ವೇದಿಕೆಯಲ್ಲಿ ಬೆರಳು ಚಾಚಿದರು.

"ಹಳೇ ತೋಳು, ಹಳೇ ರಕ್ತ. ಹೆದರಬೇಡ, ಚುಚ್ಚಮ್ಮಾ!"

ಸಭೆ ಗೊಳ್ಳೆಂದಿತು. ಅವಳು ಸೂಜಿ ಚುಚ್ಚಿದಳು. ಹನಿ ಬಿತ್ತು. ಕಿಟ್‌ನ ಪಟ್ಟಿ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ತುದಿಯಲ್ಲಿ ಮೊದಲ ಗೆರೆ ಮೂಡಿತು. ಅದು ಎಲ್ಲರಿಗೂ ಬರುವುದೇ, ಕಿಟ್ ಕೆಲಸ ಮಾಡುತ್ತಿದೆ ಎಂಬ ಗುರುತು. ಇನ್ನೇನೂ ಬರದಿದ್ದರೆ ಅಧ್ಯಕ್ಷರ ಕಥೆ ಅಲ್ಲಿಗೆ ಮುಗಿಯಿತು.

ಬಂತು. ಪಟ್ಟಿಯ ನಡುವೆ, ಗುಲಾಬಿ ಬಣ್ಣದ ಇನ್ನೊಂದು ಗೆರೆ. ಅದರ ಕೆಳಗೆ ಪಟ್ಟಿ ಬೆಳ್ಳಗೇ ಉಳಿಯಿತು.

ಚಪ್ಪಾಳೆಗೆ ಸಭಾಂಗಣ ಅದುರಿತು. ಮುಂದಿನ ಸಾಲಿನಲ್ಲಿ ಅಕ್ಕನಿಗೆ ಸದ್ದು ಕೇಳಲಿಲ್ಲ. ಬಡಿಯುವ ಕೈಗಳು ಕಂಡವು. ಅವಳು ತಲೆ ತಗ್ಗಿಸಿದಳು. ಕಾರ್ಯದರ್ಶಿಯ ಕಣ್ಣು ತುಂಬಿ ಬಂತು.

"ಅನುಮಾನ ಇದ್ದೋರಿಗೆ ಈಗ ಸಮಾಧಾನ ಆಯ್ತಾ?" ಅಧ್ಯಕ್ಷರು ಅವಳತ್ತಲೇ ತಿರುಗಿ ಕೇಳಿದರು.

"ಆಯ್ತು ಸರ್. ತುಂಬಾ ಸಮಾಧಾನ ಆಯ್ತು." ಅವಳು ಕಣ್ಣೊರೆಸಿಕೊಂಡು, ಕೈಹಿಡಿದು ಅಕ್ಕನನ್ನು ವೇದಿಕೆಗೆ ಕರೆತಂದಳು. ಇನ್ನೊಂದು ಹನಿ, ಇನ್ನೊಂದು ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟಳು.

ಅಕ್ಕನ ಪಟ್ಟಿಯಲ್ಲೂ ತುದಿಯ ಗೆರೆ ಬಂತು. ನಡುವೆ ಏನೂ ಇಲ್ಲ. ತೀರಾ ತಳದಲ್ಲಿ, ದಪ್ಪಗೆ, ಕಡುಗೆಂಪಾಗಿ ಒಂದು ಗೆರೆ ಎದ್ದಿತು.

"ತಳದ ಗೆರೆ ವರ್ಷಗಳ ಹಿಂದೆ ಚುಚ್ಚಿಸಿಕೊಂಡವರದು," ಕಾರ್ಯದರ್ಶಿ ಮೈಕಿನಲ್ಲಿ ಹೇಳಿದಳು. "ಒಮ್ಮೆ ಚುಚ್ಚಿಸಿಕೊಂಡ ಮೈ ಅದನ್ನ ಸಾಯೋವರೆಗೂ ಮರೆಯಲ್ಲ. ನಡುವಿನದು ಮಾತ್ರ ಬಂದರೆ, ಜನ್ಮದಲ್ಲಿ ಮೊದಲ ಸಲ, ಅದೂ ಈಚೆಗೆ ಒಂದೆರಡು ವಾರದಲ್ಲಿ ಚುಚ್ಚಿಸಿಕೊಂಡಿದ್ದಾರೆ ಅಂತ ಅರ್ಥ."

ಅಧ್ಯಕ್ಷರ ಬಲಗೈ ತಾನಾಗಿಯೇ ಎಡತೋಳನ್ನು ಮುಚ್ಚಿಕೊಂಡಿತು.

ಅವಳು ಚೀಲದಿಂದ ಫ್ರಿಜ್‌ನ ಬೀಗ ತೆಗೆದು ಅವರ ಮುಂದಿಟ್ಟಳು: "ಅವತ್ತು ನಾನು ಬೀಗ ಹಾಕೋದು ಮರೆತದ್ದಲ್ಲ ಸರ್, ಬೇಕಂತಲೇ ಬಿಟ್ಟದ್ದು."